ಆಬರ್ನ್ ಬೀದಿಯ ಒಂದು ಮೈಲಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಭಾಗದಲ್ಲಿ ಜಾರ್ಜಿಯಾ ಎಂಬ ಸಂಸ್ಥಾನವಿದೆ. ಅದರ ರಾಜಧಾನಿ ಅಟ್ಲಾಂಟಾ. ಈ ಪಟ್ಟಣವು ಸಮುದ್ರತೀರದಲ್ಲಾಗಲಿ ದೊಡ್ಡ ನದಿಯ ದಡದಲ್ಲಾಗಲಿ ಹುಟ್ಟಿದುದಲ್ಲ. ರೈಲುದಾರಿಯೊಂದು ಇಲ್ಲಿಗೆ ಮುಗಿಯತಕ್ಕದ್ದೆಂದು 1837ರಲ್ಲಿ ಗೊತ್ತುಮಾಡಿದ ಸ್ಥಳದ ಸುತ್ತಲೂ ಅಂಗಡಿಗಳು ಎದ್ದವು. ಅಂಗಡಿಗಳ ಸುತ್ತ ಊರು ಬೆಳೆಯಿತು. 1864ರ ಅಂತರ್ಯುದ್ಧದಲ್ಲಿ ಅದರ ಬಹುಭಾಗ ಬೆಂಕಿಗೆ ಆಹುತಿಯಾಯಿತು. ಯುದ್ಧ ಮುಗಿದು ದಾಸ್ಯದ ಸಂಕೋಲೆ ಕಳಚಿದ ಮೇಲೆ, ಹತ್ತಿಯ ಹೊಲಗಳಲ್ಲಿ ತಲೆಮಾರುಗಳಿಂದ ದುಡಿದಿದ್ದ ಕರಿಯ ಜನ ಕೂಲಿಯನ್ನೂ ನೆಮ್ಮದಿಯನ್ನೂ ಅರಸಿಕೊಂಡು ಈ ಊರಿಗೆ ಬಂದರು. ಹಾಗೆ ಬಂದವರೂ ಅವರ ಮಕ್ಕಳೂ ತಮ್ಮದನ್ನಾಗಿ ಮಾಡಿಕೊಂಡ ಬೀದಿಗಳಲ್ಲಿ ಆಬರ್ನ್ ಅವೆನ್ಯೂ ಎಂಬುದು ಮುಖ್ಯವಾದುದು. ಅದನ್ನು ಪಶ್ಚಿಮದ ತುದಿಯಿಂದ ಪೂರ್ವಕ್ಕೆ ಸುಮಾರು ಒಂದು ಮೈಲಿ ಕಾಲ್ನಡೆಯಲ್ಲಿ ನೋಡಿಕೊಂಡು ಹೋಗುವುದು ಈ ಲೇಖನದ ಉದ್ದೇಶ.

ಕಾಲ್ನಡೆಯೇ ಏಕೆಂದು ವಾಚಕರು ಕೇಳಬಹುದು. ಮೋಟಾರಿನಲ್ಲಿ ಈ ಊರನ್ನು ಹಾದುಹೋಗುವವರಿಗೆ ಆಬರ್ನ್ ಬೀದಿ ಕಾಣುವುದೇ ಇಲ್ಲ. ಹೆದ್ದಾರಿಯು ಅದರ ತಲೆಯ ಮೇಲೆ ಸೇತುವೆಯಾಗಿ ಹಾದುಹೋಗುತ್ತದೆ. ಮೇಲೆ ಹೋಗುವವನು ಕೆಳಗೆ ಏನಿದೆಯೆಂದು ತಿಳಿಯುವುದರೊಳಗೆ ಅದು ಹಿಂದಾಗಿರುತ್ತದೆ. ಆ ಸೇತುವೆಯೂ ಬೀದಿಯ ಚರಿತ್ರೆಯ ಒಂದು ಅಧ್ಯಾಯವೇ. ಅದನ್ನು ಓದಬೇಕಾದರೆ ಅದರ ಕೆಳಗೆ ನಡೆದುಹೋಗಬೇಕು.

ಮೊದಲು ಹೆಸರಿನ ಸಂಗತಿ. ಹಿಂದೆ ಇದಕ್ಕೆ ವೀಟ್ ಬೀದಿ ಎಂದು ಹೆಸರಿದ್ದಿತು. 1893ರಲ್ಲಿ ಅದನ್ನು ಆಬರ್ನ್ ಎಂದು ಬದಲಾಯಿಸಿದರು. ಹೆಸರು ಬದಲಾಯಿತೇ ಹೊರತು ಹಳೆಯ ಹೆಸರು ಸಾಯಲಿಲ್ಲ: ಬೀದಿಯ ಪೂರ್ವಭಾಗದಲ್ಲಿರುವ ಒಂದು ದೊಡ್ಡ ಚರ್ಚು ತನ್ನನ್ನು ಇಂದಿಗೂ ವೀಟ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚು ಎಂದೇ ಕರೆದುಕೊಳ್ಳುತ್ತದೆ. ಮೂರನೆಯ ಹೆಸರು ಒಂದುಂಟು, 'ಸವಿಯಾದ ಆಬರ್ನ್' ಎಂದು. ಅದನ್ನು ಇಟ್ಟವರನ್ನು ಮುಂದೆ ನೋಡೋಣ.

ನಡಿಗೆಯು ಪೀಚ್‌ಟ್ರೀ ಬೀದಿಯ ಮಗ್ಗುಲಿಂದ ಮೊದಲಾಗುತ್ತದೆ. ಪೀಚ್‌ಟ್ರೀ ಎಂಬುದು ಪಟ್ಟಣದ ರಾಜಬೀದಿ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಒಂದು ಕ್ಷೌರದಂಗಡಿ ಇದ್ದಿತು. ಕ್ಷೌರದಂಗಡಿಯೆಂದರೆ ನಮ್ಮ ಕಣ್ಣಿಗೆ ಕಟ್ಟುವಂಥದಲ್ಲ. ಅಮೃತಶಿಲೆಯ ನೆಲ, ತೂಗುದೀಪಗಳ ಗೊಂಚಲು, ಊರಿನ ನ್ಯಾಯಾಧೀಶರು, ವಕೀಲರು, ಸಾಹುಕಾರರು ಬಂದು ಕೂರುವ ಪೀಠಗಳು. ಇದರ ಒಡೆಯರು ಅಲೊಂಜೊ ಹರ್ನ್‌ಡನ್ ಎಂಬವರು. ಇವರು 1858ರಲ್ಲಿ ದಾಸಿಯ ಮಗನಾಗಿ ಹುಟ್ಟಿದವರು. ಬಿಡುಗಡೆಯಾದಾಗ ಇವರಿಗೆ ಏಳು ವರ್ಷ. ಹಳ್ಳಿಯಲ್ಲಿ ಕೂಲಿಮಾಡಿ, ಕತ್ತರಿ ಹಿಡಿಯುವುದನ್ನು ಕಲಿತು, ಪಟ್ಟಣಕ್ಕೆ ಬಂದು, ಒಂದರ ಮೇಲೊಂದರಂತೆ ಅಂಗಡಿಗಳನ್ನು ತೆರೆದು ಐಶ್ವರ್ಯವಂತರಾದರು. ಕತ್ತರಿ ಹಿಡಿದವರು ಕರಿಯರು. ಪೀಠದಲ್ಲಿ ಕುಳಿತವರು ಬಿಳಿಯರು ಮಾತ್ರ. ಹರ್ನ್‌ಡನ್ನರ ಬಂಧುವೇ ಆದರೂ ಗಿರಾಕಿಯಾಗಿ ಆ ಪೀಠದಲ್ಲಿ ಕೂರುವಂತಿರಲಿಲ್ಲ. ಒಡೆಯನಿಗೆ ಹಣವುಂಟು, ಅವನ ಜನಕ್ಕೆ ಪ್ರವೇಶವಿಲ್ಲ. ಈ ವಿಚಿತ್ರವನ್ನು ನಾವು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಕು.

1906ರ ಸೆಪ್ಟೆಂಬರ್ 22, ಶನಿವಾರ. ಆ ವರ್ಷ ಗವರ್ನರ್ ಪದವಿಗೆ ಸ್ಪರ್ಧಿಸಿದ ಇಬ್ಬರೂ ಪತ್ರಿಕೋದ್ಯಮದಲ್ಲಿ ಪಳಗಿದವರು. ಕರಿಯರ ಮತದ ಹಕ್ಕನ್ನು ಕಿತ್ತುಕೊಳ್ಳುವುದರಲ್ಲಿ ತಾನೇ ಮುಂದೆಂದು ಒಬ್ಬೊಬ್ಬರೂ ಸಾರುತ್ತಿದ್ದರು. ಆ ಬೇಸಿಗೆಯೆಲ್ಲ ಜನರ ಮನಸ್ಸು ಕಾದಿದ್ದಿತು. ಅಂದು ಸಂಜೆ, ಕರಿಯ ಗಂಡಸರು ಬಿಳಿಯ ಹೆಂಗಸರ ಮೇಲೆ ಬಿದ್ದರೆಂಬ ವದಂತಿಗಳನ್ನು ಪತ್ರಿಕೆಗಳು ವಿಶೇಷ ಸಂಚಿಕೆಯ ಮೇಲೆ ವಿಶೇಷ ಸಂಚಿಕೆ ತೆಗೆದು ಹಂಚಿದವು. ಸಾವಿರಾರು ಬಿಳಿಯರು ಪಟ್ಟಣದ ಮಧ್ಯದಲ್ಲಿ ಸೇರಿದರು. ಟ್ರಾಮುಗಳಿಂದ ಕರಿಯರನ್ನು ಎಳೆದು ಹೊಡೆದರು. ಹರ್ನ್‌ಡನ್ನರು ಅಂದು ಬೇಗನೆ ಬಾಗಿಲು ಹಾಕಿ ಮನೆಗೆ ಹೋಗಿದ್ದರು. ಅವರ ಅಂಗಡಿಯ ಗಾಜುಗಳು ಪುಡಿಯಾದವು. ಎದುರಿನ ಇನ್ನೊಂದು ಕ್ಷೌರದಂಗಡಿಯವರು ಬಾಗಿಲು ಹಾಕಿರಲಿಲ್ಲ. ಗುಂಪು ಒಳನುಗ್ಗಿ ಕೆಲಸದಲ್ಲಿದ್ದ ಕ್ಷೌರಿಕರನ್ನು ಕೊಂದಿತು. ಈ ಹಾವಳಿ ಮೂರು ದಿನ ನಡೆಯಿತು. ಸತ್ತ ಕರಿಯರ ಸಂಖ್ಯೆ ಕಡಿಮೆಯೆಂದರೆ 25 ಎಂದು ಚರಿತ್ರಕಾರರು ಎಣಿಸುತ್ತಾರೆ.

ರಾಜಬೀದಿಯಲ್ಲಿ ಬಿಳಿಯರ ಅಂಗಡಿಗಳ ಪಕ್ಕದಲ್ಲಿ ವ್ಯಾಪಾರ ಮಾಡುತ್ತಿದ್ದ ಕರಿಯರಿಗೆ ಇದರಿಂದ ಒಂದು ಪಾಠವಾಯಿತು. ಅವರು ಒಬ್ಬೊಬ್ಬರಾಗಿ ಪೂರ್ವದ ಕಡೆಗೆ, ಆಬರ್ನ್ ಬೀದಿಗೆ ಸರಿದರು. ಬೀದಿಯ ಪೂರ್ವ ತುದಿಯಲ್ಲಿ ಅದುವರೆಗೆ ಹೆಚ್ಚಾಗಿ ಬಿಳಿಯರೇ ಇದ್ದರು. ಅವರು ಮನೆಗಳನ್ನು ಮಾರಿ ಬೇರೆ ಕಡೆಗೆ ಹೋದರು. ನಾಲ್ಕೈದು ವರ್ಷಗಳಲ್ಲಿ ಬೀದಿಯ ಬಣ್ಣವೇ ಬದಲಾಯಿತು. ನಮ್ಮ ಊರುಗಳಲ್ಲಿ ಬೀದಿಗೂ ಕೇರಿಗೂ ಇರುವ ಅಂತರವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಆಬರ್ನ್ ಹೀಗೆ ಕೇರಿಯಾಯಿತು. ಆದರೆ ಕೇರಿಯಾಗಿದ್ದುಕೊಂಡೇ ರಾಜಬೀದಿಯೂ ಆಯಿತು. ಅದು ಹೇಗೆಂಬುದೇ ನೋಡತಕ್ಕ ಸಂಗತಿ.

ಬೀದಿಯ ಪಶ್ಚಿಮ ತುದಿಯಲ್ಲಿ, ಅದಕ್ಕೂ ಮುಂಚೆಯೇ, ಫೆಡರಲ್ ಸರ್ಕಾರದ ಕಂದಾಯಾಧಿಕಾರಿಯಾಗಿದ್ದ ಹೆನ್ರಿ ರಕರ್ ಎಂಬ ಕರಿಯರು 1904ರಲ್ಲಿ ಕಚೇರಿಗಳಿಗಾಗಿ ಒಂದು ಕಟ್ಟಡ ಎಬ್ಬಿಸಿದ್ದರು. ಈ ಭಾಗದಲ್ಲಿಯೇ ಮುಂದೆ ಅಟ್ಲಾಂಟಾ ಲೈಫ್ ಎಂಬ ಇನ್ಷೂರೆನ್ಸ್ ಸಂಸ್ಥೆಯ ಕಟ್ಟಡಗಳೂ ಎದ್ದವು. ಅದರ ಹುಟ್ಟಿನ ಕಥೆ ಹೀಗಿದೆ. ಬಿಳಿಯರ ವಿಮಾಸಂಸ್ಥೆಗಳು ಕರಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ, ಸೇರಿಸಿಕೊಂಡರೆ ಹೆಚ್ಚು ಹಣ ಕೇಳುತ್ತಿದ್ದವು. ಆದುದರಿಂದ ಚರ್ಚುಗಳ ಜನ ವಾರಕ್ಕೆ ಇಷ್ಟು ಕಾಸೆಂದು ಕೂಡಿಹಾಕಿ, ಕಾಯಿಲೆ ಬಿದ್ದವರಿಗೂ ಸತ್ತವರ ಉತ್ತರಕ್ರಿಯೆಗೂ ನೆರವಾಗುತ್ತಿದ್ದರು. ವೀಟ್ ಸ್ಟ್ರೀಟ್ ಚರ್ಚಿನ ಪಾದ್ರಿ ಬ್ರಯಂಟರು ಇಂಥದೊಂದು ಸಂಘವನ್ನು ನಡಸುತ್ತಿದ್ದರು. 1905ರಲ್ಲಿ ಸಂಸ್ಥಾನದವರು ಒಂದು ಕಾನೂನು ಮಾಡಿ, ಇಂಥ ಸಂಘಗಳು 5,000 ಡಾಲರ್ ಠೇವಣಿ ಇಡಬೇಕೆಂದರು. ಬಡವರ ಕಾಸಿನ ಸಂಘ ಅಷ್ಟು ಹಣವನ್ನು ಎಲ್ಲಿಂದ ತರಬೇಕು? ಪಾದ್ರಿಗಳು ಹರ್ನ್‌ಡನ್ನರ ಬಳಿಗೆ ಬಂದರು. ಅವರು 140 ಡಾಲರಿಗೆ ಸಂಘವನ್ನು ಕೊಂಡು, ಠೇವಣಿ ಕಟ್ಟಿ, ಅದನ್ನು ಬೆಳಸಿದರು. ಬಿಳಿಯರ ಗಡ್ಡ ಹೆರೆದು ಬಂದ ಹಣ ಹೀಗೆ ಕರಿಯರ ಶವಸಂಸ್ಕಾರಕ್ಕೂ ವಿಧವೆಯರ ಜೀವನಕ್ಕೂ ಆಧಾರವಾಯಿತು. 1927ರಲ್ಲಿ ಹರ್ನ್‌ಡನ್ನರು ತೀರಿಕೊಂಡಾಗ ಪಟ್ಟಣದ ಕರಿಯರಲ್ಲಿ ಅವರಷ್ಟು ಹಣವಂತರು ಇನ್ನೊಬ್ಬರಿರಲಿಲ್ಲ. ಅದಕ್ಕೆ ಒಂದು ವರ್ಷ ಮುಂಚೆ, ಕರಿಯ ಕ್ಷೌರಿಕರು ಬಿಳಿಯ ಹೆಂಗಸರ ಮತ್ತು ಮಕ್ಕಳ ಕೂದಲನ್ನು ಮುಟ್ಟಕೂಡದೆಂದು ನಗರಸಭೆ ನಿರ್ಣಯ ಮಾಡಿದ್ದಿತು. ನ್ಯಾಯಾಲಯ ಅದನ್ನು ತಳ್ಳಿಹಾಕಿತು.

ಎಲ್ಲರೂ ಹರ್ನ್‌ಡನ್ನರಂತೆ ನಿಂತರೆಂದು ತಿಳಿಯಬಾರದು. ಹೀಮನ್ ಪೆರಿ ಎಂಬ ಸಾಹಸಿಗರು ಇದೇ ಬೀದಿಯಲ್ಲಿ ವಿಮಾಸಂಸ್ಥೆ ಸ್ಥಾಪಿಸಿ, ಬಳಿಕ ಹತ್ತಾರು ಉದ್ಯಮಗಳಿಗೆ ಕೈಹಾಕಿ, 1920ರ ದಶಕದ ಮಧ್ಯದಲ್ಲಿ ಎಲ್ಲವನ್ನೂ ಕಳೆದುಕೊಂಡರು. ಅವರು 1921ರಲ್ಲಿ ತೆರೆದ ಸಿಟಿಜನ್ಸ್ ಟ್ರಸ್ಟ್ ಬ್ಯಾಂಕು ಮಾತ್ರ ಆ ಕುಸಿತವನ್ನು ದಾಟಿ ಉಳಿಯಿತು. ಬೇರೆಡೆ ಸಾಲ ಹುಟ್ಟದ ಜನಕ್ಕೆ ಮನೆ ಕಟ್ಟಲು ಸಾಲ ಕೊಟ್ಟಿತು.

ಇನ್ನು ನಾಲ್ಕು ಹೆಜ್ಜೆಗೆ 'ಅಟ್ಲಾಂಟಾ ಡೈಲಿ ವರ್ಲ್ಡ್' ಪತ್ರಿಕೆಯ ಹಳೆಯ ಕಚೇರಿ. ವಿಲಿಯಂ ಸ್ಕಾಟ್ ಎಂಬ ತರುಣರು 1928ರಲ್ಲಿ ಇದನ್ನು ಆರಂಭಿಸಿದರು. 1932ರಲ್ಲಿ ಅದು ದಿನಪತ್ರಿಕೆಯಾಯಿತು. 1906ರಲ್ಲಿ ಪತ್ರಿಕೆಗಳಿಂದ ಏನಾಯಿತೆಂಬುದನ್ನು ನೋಡಿದವರಿಗೆ, ತಮ್ಮದೇ ಒಂದು ಪತ್ರಿಕೆಯ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಸ್ಕಾಟರನ್ನು 1934ರಲ್ಲಿ ಯಾರೋ ಗುಂಡಿಕ್ಕಿ ಕೊಂದರು. ಆ ಅಪರಾಧಕ್ಕಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಅವರ ತಮ್ಮಂದಿರು ಪತ್ರಿಕೆಯನ್ನು 1997ರವರೆಗೆ ನಡಸಿದರು. ಅಲ್ಲಿಂದ ಮುಂದೆ, ಗಾನವಿನೋದಕ್ಕೆ ಹೆಸರಾದ ರಾಯಲ್ ಪೀಕಾಕ್ ಎಂಬ ಮಂದಿರವಿದೆ. ದೇಶದ ದೊಡ್ಡ ದೊಡ್ಡ ಕರಿಯ ಗಾಯಕರು ಅಲ್ಲಿ ಹಾಡಿದ್ದಾರೆ. ಸಂಗೀತ ಬಲ್ಲವರು ಅದರ ವಿಷಯ ಬರೆಯಲಿ.

ಈಗ ಬಿಗ್ ಬೆಥೆಲ್ ಚರ್ಚಿನ ಗೋಪುರ ಎದುರಾಗುತ್ತದೆ. ಅದರ ಮೇಲೆ 'ಯೇಸು ರಕ್ಷಿಸುತ್ತಾನೆ' ಎಂಬ ನೀಲಿಯ ವಿದ್ಯುದ್ದೀಪದ ಅಕ್ಷರಗಳಿವೆ. ದಾಸ್ಯದ ಕಾಲದಲ್ಲಿಯೇ, 1847ರಲ್ಲಿ, ಈ ಸಭೆ ಹುಟ್ಟಿತು. ಇಂಥ ಚರ್ಚು ಪ್ರಾರ್ಥನೆಯ ಮನೆ ಮಾತ್ರವಲ್ಲ. ಅದರ ನೆಲಮಾಳಿಗೆಯಲ್ಲಿ ಪಾಠಶಾಲೆ ನಡೆಯಿತು. ಮಾರಿಸ್ ಬ್ರೌನ್ ಕಾಲೇಜು ಇಲ್ಲಿಯೇ ತೊಟ್ಟಿಲು ಕಂಡಿತು. ಸರ್ಕಾರದ ಬಾಗಿಲುಗಳೆಲ್ಲ ಮುಚ್ಚಿದ್ದಾಗ ಶಾಲೆ, ಬ್ಯಾಂಕು, ರಂಗಭೂಮಿ, ರಾಜಕೀಯ ಸಭೆ ಇವೆಲ್ಲವೂ ಒಂದೇ ಸೂರಿನ ಕೆಳಗೆ ಬಂದು ಸೇರಿದವು.

ಚರ್ಚಿನ ಮೂಲೆಯಲ್ಲಿ ಬೀದಿಯನ್ನು ಕತ್ತರಿಸುವ ರಸ್ತೆಗೆ ಹಿಂದೆ ಬಟ್ಲರ್ ಬೀದಿಯೆಂದು ಹೆಸರು. ಅಲ್ಲಿ ಕರಿಯ ತರುಣರ ಕ್ರೈಸ್ತ ಸಂಘದ ಕಟ್ಟಡವಿದೆ. 1948ರ ಏಪ್ರಿಲ್ ತಿಂಗಳಲ್ಲಿ ಅಟ್ಲಾಂಟಾ ನಗರವು ಮೊತ್ತಮೊದಲಿಗೆ 8 ಮಂದಿ ಕರಿಯರನ್ನು ಪೋಲೀಸು ಕೆಲಸಕ್ಕೆ ತೆಗೆದುಕೊಂಡಿತು. ಬಿಳಿಯ ಪೋಲೀಸರ ಠಾಣೆಯಲ್ಲಿ ಇವರಿಗೆ ಸ್ಥಳವಿರಲಿಲ್ಲ. ಈ ಸಂಘದ ನೆಲಮಾಳಿಗೆಯೇ ಇವರ ಠಾಣೆ. ಬಿಳಿಯನು ಕಣ್ಣೆದುರಿಗೆ ಕಳವು ಮಾಡಿದರೂ ಇವರು ಅವನನ್ನು ಹಿಡಿಯುವಂತಿರಲಿಲ್ಲ. ಆದರೂ ಇವರು ಮೊದಲ ದಿನ ಆಬರ್ನ್ ಬೀದಿಯಲ್ಲಿ ಸಮವಸ್ತ್ರ ತೊಟ್ಟು ನಡೆದುದನ್ನು ನೋಡಲು ಜನ ಕಿಕ್ಕಿರಿದು ಸೇರಿದರು. ಅರ್ಧ ಅಧಿಕಾರವನ್ನು ಕಂಡು ಇಷ್ಟು ಸಂತೋಷವೇ ಎಂದು ನಗುವವರು, ಅದಕ್ಕೆ ಹಿಂದಿನ ನಲವತ್ತೆರಡು ವರ್ಷಗಳನ್ನು ನೆನೆದು ನೋಡಬೇಕು.

ಪಕ್ಕದಲ್ಲಿಯೇ ಆಡ್ ಫೆಲೋಸ್ ಎಂಬ ಸಹಾಯಕ ಸಂಘದವರ ಆರು ಅಂತಸ್ತಿನ ಮಹಡಿ. 1912ರಲ್ಲಿ ಬೂಕರ್ ವಾಷಿಂಗ್ಟನ್ನರು ಬಂದು ಇದನ್ನು ಪ್ರತಿಷ್ಠಾಪಿಸಿದರು. ತಲೆಯೆತ್ತಿ ನೋಡಿದರೆ ಗೋಡೆಯ ಮೇಲೆ ಸುಟ್ಟಮಣ್ಣಿನ ಮುಖಗಳು ಕಾಣುತ್ತವೆ. ದೊಡ್ಡ ಕಟ್ಟಡಗಳನ್ನು ಗ್ರೀಕರ ರೋಮನರ ಮುಖಗಳಿಂದ ಅಲಂಕರಿಸುತ್ತಿದ್ದ ಕಾಲ ಅದು. ಇಲ್ಲಿಯವು ಕರಿಯರ ಮುಖಗಳು. ಮೋಟಾರಿನಲ್ಲಿ ಹೋಗುವವನಿಗೆ ಇವು ಸಿಕ್ಕುವ ಹಾಗಿಲ್ಲ.

ಈ ಮುಖಗಳನ್ನು ದಾಟಿದೊಡನೆ ಸದ್ದು ಕೇಳತೊಡಗುತ್ತದೆ. ಅದೇ ಹೆದ್ದಾರಿ. ಪಟ್ಟಣದ ನಡುವೆ ಮೋಟಾರುಗಳು ತಡೆಯಿಲ್ಲದೆ ಸಾಗಬೇಕೆಂದು 1946ರಲ್ಲಿ ಒಂದು ಯೋಜನೆ ಸಿದ್ಧವಾಯಿತು. 1960ರ ದಶಕದ ಮಧ್ಯದ ಹೊತ್ತಿಗೆ ರಸ್ತೆ ಮುಗಿಯಿತು. ಅದು ಹೋಗಬೇಕಾದ ದಾರಿಗಳು ಹಲವಿದ್ದವು. ಹೋದುದು ಈ ಬೀದಿಯ ಸೊಂಟದ ಮೇಲೆ. ಮನೆಗಳೂ ಅಂಗಡಿಗಳೂ ನೆಲಸಮವಾದವು. ಪಶ್ಚಿಮದ ವ್ಯಾಪಾರದ ಭಾಗ ಒಂದು ಕಡೆ, ಪೂರ್ವದ ಮನೆಗಳೂ ಚರ್ಚುಗಳೂ ಇನ್ನೊಂದು ಕಡೆ. ಸೇತುವೆಯ ಕೆಳಗೆ ನಡೆಯುವಾಗ ಹಗಲಿನಲ್ಲಿಯೂ ಮಬ್ಬುಗತ್ತಲೆ. ತಲೆಯ ಮೇಲೆ ನಿಲ್ಲದ ಗುಡುಗು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಭಾನುವಾರ ಚರ್ಚಿಗೆ ಹೋಗುತ್ತಿದ್ದ ಸಂಸಾರಗಳಿಗೆ ಈ ಕೆಲವು ಗಜಗಳು ಎಷ್ಟು ದೂರವಾದುವೆಂಬುದು ಅಲ್ಲಿ ನಿಂತರೆ ತಿಳಿಯುತ್ತದೆ.

ಹೆದ್ದಾರಿಯನ್ನು ದೂರಿ ಸುಮ್ಮನಾಗುವುದು ಸುಲಭ. ಆದರೆ ಬೀದಿಯನ್ನು ಬರಿದುಮಾಡಿದ ಇನ್ನೊಂದು ಕಾರಣವುಂಟು, ಅದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ. 1956ರಲ್ಲಿ ಒಂದು ವಾಣಿಜ್ಯ ಪತ್ರಿಕೆ ಆಬರ್ನನ್ನು ಜಗತ್ತಿನ ಕರಿಯರ ಬೀದಿಗಳಲ್ಲೆಲ್ಲ ಅತ್ಯಂತ ಶ್ರೀಮಂತವಾದುದೆಂದು ಹೊಗಳಿತು. ಆ ಸಿರಿ ಎಲ್ಲಿಂದ ಬಂದಿತು? ಕರಿಯನ ಡಾಲರಿಗೆ ಬೇರೆಡೆ ಮರ್ಯಾದೆಯಿಲ್ಲದಿದ್ದುದರಿಂದ ಅದು ಈ ಬೀದಿಯಲ್ಲಿಯೇ ಕೈಯಿಂದ ಕೈಗೆ ತಿರುಗುತ್ತಿದ್ದಿತು. ವೈದ್ಯನೂ ಕೂಲಿಯವನೂ ಇಲ್ಲಿಯೇ ಉಣ್ಣಬೇಕು, ಇಲ್ಲಿಯೇ ಬಟ್ಟೆ ಕೊಳ್ಳಬೇಕು, ಇಲ್ಲಿಯೇ ಹಣವಿಡಬೇಕು. 1964ರ ಕಾನೂನು ಎಲ್ಲ ಹೋಟೆಲುಗಳ ಬಾಗಿಲನ್ನೂ ತೆರೆಯಿತು. ಯಾವ ಬಾಗಿಲಿಗಾಗಿ ಈ ಬೀದಿಯ ಜನ ಹೋರಾಡಿದರೋ ಆ ಬಾಗಿಲಿನಿಂದಲೇ ಬೀದಿಯ ಗಿರಾಕಿಗಳು ಹೊರಟುಹೋದರು. ಉಳ್ಳವರು ಪಟ್ಟಣದ ಪಶ್ಚಿಮಕ್ಕೆ ಹೋಗಿ ಮನೆ ಕಟ್ಟಿದರು. ಇದರಿಂದ ಗೋಡೆಯೇ ಒಳ್ಳೆಯದಿತ್ತೆಂದು ವಾದಿಸುವವರನ್ನು ನಾನು ಓದಿದ್ದೇನೆ. ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಸೆರೆಮನೆಯಲ್ಲಿ ಬೆಳೆದ ಸ್ನೇಹ ನಿಜವಾದುದೇ. ಅದಕ್ಕಾಗಿ ಸೆರೆಮನೆಯನ್ನು ಯಾರೂ ಹಾರೈಸರು. ಆದರೆ ಬಿಳಿಯರ ವರ್ತಕರು ಕರಿಯ ಗಿರಾಕಿಗಳನ್ನು ಪಡೆದಂತೆ, ಆಬರ್ನಿನ ವರ್ತಕರು ಬಿಳಿಯ ಗಿರಾಕಿಗಳನ್ನು ಪಡೆಯಲಿಲ್ಲವೆಂಬುದನ್ನು ಮರೆಯಲಾಗದು. ಬಾಗಿಲು ತೆರೆದುದು ಒಂದೇ ಕಡೆಗೆ. 1976ರಲ್ಲಿ ಸರ್ಕಾರ ಬೀದಿಯನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿತು. 1992ರಲ್ಲಿಯೂ 2012ರಲ್ಲಿಯೂ ರಾಷ್ಟ್ರದ ಸ್ಮಾರಕರಕ್ಷಣ ಸಂಸ್ಥೆಯವರು ಅಳಿವಿನ ಅಂಚಿನಲ್ಲಿರುವ ಸ್ಥಳಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದರು. ನಡುವೆ 2008ರ ಸುಂಟರಗಾಳಿ ಬೇರೆ ಬಂದು, ಹರ್ನ್‌ಡನ್ನರ ಹೆಸರಿನ ಒಂದು ಕಟ್ಟಡವನ್ನು ಉಳಿಸಲಾಗದಂತೆ ಮಾಡಿತು.

ಸೇತುವೆಯನ್ನು ದಾಟಿದ ಕಡೆ ಒಂದು ಚಿಕ್ಕ ಅಂಗಳ, ಅಲ್ಲಿ ಒಂದು ದೊಡ್ಡ ಕಂಚಿನ ಮುಖವಾಡ. ಅದು ಜಾನ್ ವೆಸ್ಲಿ ಡಾಬ್ಸರ ಮುಖ. ಬೀದಿಗೆ 'ಸವಿಯಾದ ಆಬರ್ನ್' ಎಂಬ ಹೆಸರನ್ನಿಟ್ಟವರು ಇವರೇ. ರೈಲಿನ ಟಪ್ಪಾಲು ಗುಮಾಸ್ತರಾಗಿ ಮೂವತ್ತೆರಡು ವರ್ಷ ದುಡಿದ ಇವರು, 1936ರಿಂದ ಮನೆಮನೆಗೂ ಹೋಗಿ ಜನರನ್ನು ಮತದಾರರ ಪಟ್ಟಿಯಲ್ಲಿ ಹೆಸರು ಬರೆಸುವಂತೆ ಒತ್ತಾಯಿಸಿದರು. ಬಟ್ಲರ್ ಬೀದಿಯ ಎಂಟು ಪೋಲೀಸರು ಕೆಲಸಕ್ಕೆ ಬಂದುದು ಆ ಮತಗಳ ಬಲದಿಂದ. ಅವರ ಆರು ಹೆಣ್ಣುಮಕ್ಕಳೂ ಕಾಲೇಜು ಮೆಟ್ಟಿಲು ಹತ್ತಿದರು. ಒಬ್ಬಳು, ಮ್ಯಾಟಿವಿಲ್ಡಾ, 1953ರಲ್ಲಿ ಇಟಲಿಯ ಲಾ ಸ್ಕಾಲಾ ರಂಗಮಂದಿರದಲ್ಲಿ ಹಾಡಿದಳು. ಮಗಳ ಮಗ ಮೇನಾರ್ಡ್ ಜ್ಯಾಕ್ಸನ್ 1973ರಲ್ಲಿ ಅಟ್ಲಾಂಟಾದ ಮೊದಲ ಕರಿಯ ನಗರಾಧ್ಯಕ್ಷರಾಗಿ ಆರಿಸಿ ಬಂದರು. ಅಷ್ಟರಲ್ಲಿ ತಾತ ತೀರಿಕೊಂಡು ಹನ್ನೆರಡು ವರ್ಷವಾಗಿದ್ದಿತು. ಮುಖವಾಡದ ಹಿಂದಕ್ಕೆ ಹೋಗಿ, ಅದರ ಕಣ್ಣುಗಳ ತೂತಿನಿಂದ ಬೀದಿಯನ್ನು ನೋಡುವಂತೆ ಶಿಲ್ಪಿ ಅದನ್ನು ಮಾಡಿದ್ದಾನೆ.

ಡಾಬ್ಸರು ಮುಖ್ಯಸ್ಥರಾಗಿದ್ದ ಪ್ರಿನ್ಸ್ ಹಾಲ್ ಮೇಸನ್ ಸಂಘದ ಕಟ್ಟಡವೂ ಹತ್ತಿರದಲ್ಲಿಯೇ ಇದೆ. ಜೆಸ್ಸಿ ಬ್ಲೇಟನ್ ಎಂಬವರು 1949ರಲ್ಲಿ ಕೊಂಡ ಬಾನುಲಿ ಕೇಂದ್ರ ಇದರ ಮೇಲಂತಸ್ತಿನಲ್ಲಿ ನಡೆಯುತ್ತಿದ್ದಿತು. ಆ ದೇಶದಲ್ಲಿ ಕರಿಯರ ಒಡೆತನಕ್ಕೆ ಬಂದ ಮೊದಲ ಬಾನುಲಿ ಅದು. ಕೆಳಗೆ ಮಾರ್ಟಿನ್ ಲೂಥರ್ ಕಿಂಗರ ಸಂಸ್ಥೆಯ ಕಚೇರಿ. ಕಿಂಗರಿಗೆ ಜನರೊಡನೆ ಮಾತನಾಡಬೇಕೆನ್ನಿಸಿದಾಗ ಕಸಪೊರಕೆಯ ಹಿಡಿಯಿಂದ ಮೇಲ್ಛಾವಣಿಯನ್ನು ಬಡಿಯುತ್ತಿದ್ದರಂತೆ. ಮೇಲಿನವರು ಧ್ವನಿವಾಹಕವನ್ನು ಕಿಟಕಿಯಿಂದ ಕೆಳಗಿಳಿಸುತ್ತಿದ್ದರಂತೆ. ಕಥೆ ಬೆಳೆದಿರಬಹುದು, ಆದರೂ ಬೀದಿಯ ಅನ್ಯೋನ್ಯತೆಗೆ ಅದು ಹೊಂದುವಂಥದೇ.

ಮುಂದೆ ಎಬೆನೆಜರ್ ಚರ್ಚು. ಕಿಂಗರ ತಾಯಿಯ ತಂದೆ ಇಲ್ಲಿ ಪಾದ್ರಿಗಳು, ಅವರ ಬಳಿಕ ತಂದೆ, 1960ರಿಂದ ತಂದೆಯೊಡನೆ ಇವರು. 1968ರ ಏಪ್ರಿಲ್ 9ರಂದು ಇವರ ಶವವನ್ನು ಎರಡು ಹೇಸರಗತ್ತೆಗಳು ಎಳೆಯುವ ಹಳ್ಳಿಯ ಬಂಡಿಯಲ್ಲಿಟ್ಟು ಇಲ್ಲಿಂದಲೇ ಹೊರಡಿಸಿದರು. 1974ರಲ್ಲಿ, ಇವರ ತಾಯಿ ಪ್ರಾರ್ಥನೆಯ ವೇಳೆ ಆರ್ಗನ್ ನುಡಿಸುತ್ತ ಕುಳಿತಿದ್ದಾಗ ಇದೇ ಚರ್ಚಿನಲ್ಲಿ ಗುಂಡೇಟಿಗೆ ಬಲಿಯಾದರು. ಇವೆಲ್ಲ ಲೋಕಕ್ಕೆ ಗೊತ್ತಿರುವ ಸಂಗತಿಗಳು. ನಮ್ಮವರು ಅಷ್ಟಾಗಿ ಅರಿಯದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. 1959ರಲ್ಲಿ ಕಿಂಗರು ಹೆಂಡತಿಯೊಡನೆ ಒಂದು ತಿಂಗಳು ಭಾರತದಲ್ಲಿ ಸಂಚರಿಸಿದರು. ತಿರುವನಂತಪುರದಲ್ಲಿ ಅಸ್ಪೃಶ್ಯರೆನ್ನಿಸಿಕೊಂಡವರ ಮಕ್ಕಳ ಶಾಲೆಗೆ ಹೋದಾಗ, ಮುಖ್ಯೋಪಾಧ್ಯಾಯರು ಮಕ್ಕಳಿಗೆ ಇವರನ್ನು ಅಮೆರಿಕದಿಂದ ಬಂದ ನಿಮ್ಮಂಥ ಅಸ್ಪೃಶ್ಯರೇ ಎಂದು ಪರಿಚಯ ಮಾಡಿಕೊಟ್ಟರು. ಕಿಂಗರಿಗೆ ಮೊದಲು ಕಸಿವಿಸಿಯಾಯಿತು. ಬಳಿಕ ತಮ್ಮ ದೇಶದ ಎರಡು ಕೋಟಿ ಕರಿಯರ ಬಾಳನ್ನು ನೆನೆದು, ಹೌದು, ತಾನು ಅಸ್ಪೃಶ್ಯನೇ ಎಂದು ಒಪ್ಪಿಕೊಂಡರು. ಇದನ್ನು ಅವರೇ 1965ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯದ ಹಬ್ಬದ ದಿನ, ಈ ಚರ್ಚಿನ ವೇದಿಕೆಯಿಂದ ತಮ್ಮ ಬೀದಿಯ ಜನಕ್ಕೆ ಹೇಳಿದರು. ಈಗ ಹತ್ತಿರದ ಅಂಗಳದಲ್ಲಿ ಗಾಂಧೀಜಿಯವರ ವಿಗ್ರಹವಿದೆ. 1998ರಲ್ಲಿ ಭಾರತದಿಂದ ಬಂದುದು. ಅದರ ಮುಂದೆ ಹೆಮ್ಮೆಯಿಂದ ನಿಲ್ಲುವ ನಮ್ಮವರು ಆ ಶಾಲೆಯ ಮಕ್ಕಳನ್ನೂ ನೆನೆಯುವುದು ನ್ಯಾಯ.

ಇನ್ನು ಉಳಿದುದು 501ನೆಯ ಮನೆ. 1895ರಲ್ಲಿ ಕಟ್ಟಿದ ಎರಡಂತಸ್ತಿನ ಮರದ ಮನೆ. ಕಿಂಗರ ತಾತ 1909ರಲ್ಲಿ, ಬಿಳಿಯರು ಈ ಕೊನೆಯಿಂದ ಹೊರಡುತ್ತಿದ್ದ ಕಾಲದಲ್ಲಿ, 3,500 ಡಾಲರಿಗೆ ಇದನ್ನು ಕೊಂಡರು. 1929ರ ಜನವರಿ 15ರಂದು ಮೊಮ್ಮಗ ಮಹಡಿಯ ಕೋಣೆಯಲ್ಲಿ ಹುಟ್ಟಿದ. ಬೀದಿಯ ಇನ್ನೊಂದು ಪಕ್ಕದಲ್ಲಿ, ಗಿರಣಿಯ ಕೆಲಸಗಾರರಿಗೆಂದು ಕಟ್ಟಿದ್ದ ಕಿರುಮನೆಗಳ ಸಾಲು. ಕೋಣೆಯ ಹಿಂದೆ ಕೋಣೆ, ಒಂದೇ ನೇರದಲ್ಲಿ. ಪಾದ್ರಿಯ ಮನೆಗೂ ಕೂಲಿಯವನ ಮನೆಗೂ ನಡುವೆ ಬೀದಿಯ ಅಗಲವಷ್ಟೇ. ಬಣ್ಣದ ಗೋಡೆ ಎಲ್ಲರನ್ನೂ ಒಂದೆಡೆ ನೂಕಿದ್ದರಿಂದ, ವೈದ್ಯನ ಮಗನೂ ಅಗಸಗಿತ್ತಿಯ ಮಗನೂ ಒಂದೇ ಅಂಗಳದಲ್ಲಿ ಆಡಿದರು.

ಆ ಮನೆಯ ಎದುರಿನಲ್ಲಿ ಒಬ್ಬ ಬಿಳಿಯನ ಅಂಗಡಿಯೂ ಇದ್ದಿತು. ಅವನ ಮಗನೂ ಈ ಹುಡುಗನೂ ಮೂರು ವರ್ಷದ ಪ್ರಾಯದಿಂದ ಒಟ್ಟಿಗೆ ಆಡಿಕೊಂಡಿದ್ದರು. ಆರು ವರ್ಷವಾಗುವಾಗ ಇಬ್ಬರೂ ಬೇರೆ ಬೇರೆ ಶಾಲೆಗಳಿಗೆ ಹೋದರು. ಕೆಲವು ದಿನಗಳಾದ ಮೇಲೆ ಆ ಹುಡುಗ ಬಂದು, ನಿನ್ನೊಡನೆ ಆಡಕೂಡದೆಂದು ಅಪ್ಪ ಹೇಳಿದ್ದಾನೆ ಎಂದನಂತೆ. ಆ ರಾತ್ರಿ ಊಟಕ್ಕೆ ಕುಳಿತಾಗ ತಂದೆತಾಯಿಗಳು ಮಗನಿಗೆ ದಾಸ್ಯದ ಕಥೆಯನ್ನು, ಬಣ್ಣದ ಕಥೆಯನ್ನು ಮೊದಲ ಸಲ ಬಿಡಿಸಿ ಹೇಳಿದರು. ಊಟದ ಆ ಕೋಣೆ ಕೆಳಗಿನ ಅಂತಸ್ತಿನಲ್ಲಿದೆ. ಅದರ ಹೊರಗೆ ಬಂದು ಜಗಲಿಯ ಮೇಲೆ ನಿಂತರೆ, ಅಂಗಡಿಯಿದ್ದ ಎದುರು ಬದಿಯನ್ನು ಮುಟ್ಟಲು ಇಪ್ಪತ್ತು ಮೂವತ್ತು ಹೆಜ್ಜೆ ಸಾಕು.